ಪಿಕಪ್ ಕ್ಯಾಲಿಪರ್ ಬದಲಾಯಿಸಿದ್ಮೇಲೆ ಬ್ರೇಕ್ ಪೆಡಲ್ ಬೆಣ್ಣೆ ಥರ ಒಳಗೋಗ್ತಿದೆ, ತಲೆ ಕೆಟ್ಟೋಗಿದೆ

ಶುಂಠಿ_ಪಿಕಪ್: ಮುಂದಿನ ಎಡ ಚಕ್ರ ಜಾಮ್ ಆಗ್ತಿತ್ತು, ಚಾರ್ಮಾಡಿ ಇಳಿದು ನಿಲ್ಸಿದ್ರೆ ಸುಟ್ಟ ವಾಸನೆ, ರಿಮ್ ಮೇಲೆ ಕೈ ಇಡೋಕಾಗಲ್ಲ. ಬಿಚ್ಚಿದ್ರೆ ಕ್ಯಾಲಿಪರ್ (ಡಿಸ್ಕ್ ಹಿಡಿದು ಚಕ್ರ ನಿಲ್ಸೋ ಭಾಗ) ಒಳಗಿನ ಪಿಸ್ಟನ್ ತುಕ್ಕು. ಎರಡೂ ಕಡೆ ಕ್ಯಾಲಿಪರ್ ಹಾಕಿ ಬ್ರೇಕ್ ಲೈನಲ್ಲಿರೋ ಏರ್ ತೆಗೆದೆ, ಒಂದ್ ಲೀಟರ್ ಬ್ರೇಕ್ ಆಯಿಲ್ ಖಾಲಿ, ಪೆಡಲ್ ಒತ್ತಿ ಒತ್ತಿ ಮಗ ಕಾಲು ನೋವು ಅಂತ ಎದ್ದೋದ. ಮೂರ್ನಾಲ್ಕು ಸಲ ಪಂಪ್ ಮಾಡಿದ್ರೆ ಗಟ್ಟಿ, ಸ್ವಲ್ಪ ಬಿಟ್ಟು ಒತ್ತಿದ್ರೆ ಮತ್ತೆ ಅದೇ ಕಥೆ. ನಾಳೆ ಲೋಡ್ ಇದೆ, ಬೇಗ ಹೇಳ್ರಪ್ಪ.

ಘಾಟಿ_ಗೌಡ: ಪೆಡಲ್ ಒತ್ತಿದ್ರೆ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಹೋಗಿದೆ, ಕಣ್ಮುಚ್ಚಿ ಬದಲಾಯಿಸಿ. ಏರ್ ತೆಗೀವಾಗ ಪೆಡಲ್ ನೆಲದ ತನಕ ಒತ್ತಿರ್ತೀರ, ಒಳಗೆ ಯಾವತ್ತೂ ಓಡದ ಜಾಗದಲ್ಲಿ ತುಕ್ಕು ಕೂತಿರುತ್ತೆ, ರಬ್ಬರ್ ವಾಷರ್ ಅಲ್ಲೇ ಕುಯ್ದೋಗುತ್ತೆ. ನಂದೂ ಹಂಗೇ ಆಗಿತ್ತು.

ಡೀಸೆಲ್_ಮಾವ: ಪಂಪ್ ಮಾಡಿದ್ರೆ ಗಟ್ಟಿ ಆಗ್ತಿದೆ ಅಂದ್ರೆ ಏರ್ ಇದೆ ಗೌಡ್ರೇ. ಗಟ್ಟಿ ಮಾಡಿ ಕಾಲಿಟ್ಕೊಂಡೇ ಇದ್ದಾಗ ಮೆಲ್ಲಗೆ ಇಳಿದ್ರೆ ಮಾಸ್ಟರ್ ಮೇಲೆ ಅನುಮಾನ ಪಡೋಣ. ಇಳಿಯುತ್ತಾ?

ಶುಂಠಿ_ಪಿಕಪ್: ಇಲ್ಲ ಅಣ್ಣ, ನಿಲ್ಲುತ್ತೆ. ಲೀಕೂ ಎಲ್ಲೂ ಇಲ್ಲ.

ಘಾಟಿ_ಗೌಡ: ಆದ್ರೂ ಮಾಸ್ಟರೇ.

ಟೆಕ್ಸಾಸ್_ಸಿದ್ದ: ಏರ್ ತೆಗೆದ ಆರ್ಡರ್ ತಪ್ಪಿರ್ಬೇಕು. ಹಿಂದಿನ ಬಲ ಚಕ್ರದಿಂದ ಶುರು ಮಾಡ್ಬೇಕು. ನನ್ನ ಫೋರ್ಡ್ ಎಫ್-250 ಪಿಕಪ್ಪಿಗೆ ನಾನೇ ಮಾಡಿದ್ದು, ನಾಲ್ಕೂ ಚಕ್ರಕ್ಕೆ ಡಿಸ್ಕು, ಒಂದೊಂದು ಕ್ಯಾಲಿಪರ್ ಎತ್ತೋಕೇ ಎರಡು ಕೈ ಬೇಕು.

ಡೀಸೆಲ್_ಮಾವ: ಸ್ವಾಮಿ, ಏರ್ ತೆಗೆಯೋದು ಮಾಸ್ಟರಿಂದ ದೂರದ ಚಕ್ರದಿಂದ ಶುರು. ನಿಮ್ಮ ಅಮೆರಿಕಾದಲ್ಲಿ ಸ್ಟೀರಿಂಗ್ ಎಡಗಡೆ, ಅದಕ್ಕೆ ಮಾಸ್ಟರ್‌ಗೆ ದೂರದ್ದು ಹಿಂದಿನ ಬಲ. ನಮ್ಮಲ್ಲಿ ಹಿಂದಿನ ಎಡ. ಅದೂ ಅಲ್ದೆ ಇವ್ರ ಗಾಡಿ ಹಿಂದೆ ಡ್ರಮ್ಮು, ಅದನ್ನ ಮುಟ್ಟೇ ಇಲ್ಲ.

ಟೆಕ್ಸಾಸ್_ಸಿದ್ದ: ವಿಡಿಯೋದಲ್ಲಿ ಎಲ್ಲಾರೂ ಬಲಾನೇ ಅಂತಾರೆ.

ಡೀಸೆಲ್_ಮಾವ: ಬಿಡಿ. ಶುಂಠಿ ಅವ್ರೇ, ಕ್ಯಾಲಿಪರ್ ಹೊಸದಾ? ಏರ್ ಬಿಡೋ ನಿಪ್ಪಲ್ ಮೇಲಿದೆಯಾ ಕೆಳಗಿದೆಯಾ?

ಶುಂಠಿ_ಪಿಕಪ್: ಗುಜರೀಲಿ ಜೋಡಿ ತಂದು ಹೊಸ ರಬ್ಬರ್ ಕಿಟ್ ಹಾಕಿದ್ದು. ಅದೆಲ್ಲ ಹೇಳ್ಬೇಕಾ ಅನ್ಕೊಂಡೆ. ನಿಪ್ಪಲ್ ಕೆಳಗಿದೆ, ಯಾಕೆ?

ಡೀಸೆಲ್_ಮಾವ: ಅಯ್ಯೋ ಮಾರಾಯಾ! ನಿಪ್ಪಲ್ ಮೇಲಿರ್ಬೇಕು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೀಯ. ಗಾಳಿ ಮೇಲೇರಿ ಕೂತಿರುತ್ತೆ, ಕೆಳಗಿನ ನಿಪ್ಪಲಿಂದ ಬರೀ ಆಯಿಲ್ ಬರುತ್ತೆ, ಹತ್ ಲೀಟರ್ ಸುರಿದ್ರೂ ಅಷ್ಟೇ. ಅದಲು ಬದಲು ಮಾಡು, ಹೋಸ್ ಬೋಲ್ಟಿಗೆ ಎರಡೂ ಕಡೆ ಹೊಸ ಕಾಪರ್ ವಾಷರ್, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗ್ಸಿ ಹೋಸ್ ಎಳ್ಕೊಳುತ್ತಾ ನೋಡು. ಪೆಡಲ್ ಮೊದಲ್ನೇ ಸಲಕ್ಕೇ ಗಟ್ಟಿ ಸಿಗೋ ತನಕ ಲೋಡು ಗೀಡು ಬೇಡ.

ಶುಂಠಿ_ಪಿಕಪ್: ಮಾಡಿದೆ. ಬುಸ್ ಬುಸ್ ಅಂತ ಗಾಳಿ ಬಂತು ಅಣ್ಣ, ಈಗ ಒಂದೇ ಒತ್ತಿಗೆ ಗಟ್ಟಿ. ಲೋಡು ಮಾತ್ರ ಪಕ್ಕದ ಮನೆಯವ್ರ ಗಾಡೀಲಿ ಹೋಯ್ತು, ಬಾಡಿಗೆ ಹೋಯ್ತು.

ಘಾಟಿ_ಗೌಡ: ಆದ್ರೂ ಒಂದ್ಸಲ ಮಾಸ್ಟರ್ ತೋರ್ಸಿಬಿಡಿ.

ಟೆಕ್ಸಾಸ್_ಸಿದ್ದ: ನನ್ನ ಟ್ರಕ್ಕಿಗೆ ಹೊಸ ಟೈರ್ ಹಾಕ್ಸಿದೆ, 35 ಇಂಚು. ಫೋಟೋ ಹಾಕ್ಲಾ?