ಆನೆ ನಾಳೆ ಬತ್ತೆ

ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಂಡರೆ ಕನ್ನಡ ಉಳಿಯುತ್ತದೆಯೇ ಎಂದು ನಮ್ಮ ಈ ಕನ್ನಡಿಗರ ಗುಂಪಿನ ಹಿರಿಯರೊಬ್ಬರು ಮೊನ್ನೆ ಕೇಳಿದ್ದರು. ಹೆಚ್ಚಿನವರು ಎರಡೆರಡು ಸಾಲಿನಲ್ಲಿ 'ಹೌದು' ಎಂದು ಮುಗಿಸಿದ್ದೀರಿ. ಮೆಲ್ಬರ್ನಿನ ಗೆಳೆಯರಂತೂ ತಮ್ಮಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ, ತಂದೆ ತಾಯಂದಿರ ಕೆಲಸವನ್ನು ಸರ್ಕಾರವೇ ಮಾಡಿಕೊಟ್ಟಿತು ಎಂದು ಖುಷಿಯಿಂದ ಬರೆದರು. ಆ ಖುಷಿಯಲ್ಲಿ ಪಾಲು ಕೇಳಲು ನನಗೆ ಮನಸ್ಸಾಗುತ್ತಿಲ್ಲ. ಯಾಕೆಂದು ಹೇಳಲು ಸ್ವಲ್ಪ ಉದ್ದಕ್ಕೆ ಬರೆಯಬೇಕು. ಶಾರ್ಜಾದಿಂದ ರಜೆಯಲ್ಲಿ ಊರಿಗೆ ಬಂದಿದ್ದೇನೆ, ಕಾಸರಗೋಡಿನ ನೀರ್ಚಾಲಿನ ಮನೆಯ ಜಗಲಿಯಲ್ಲಿ ಕುಳಿತಿದ್ದೇನೆ, ಆಟಿಯ ಮಳೆ ಬಿಡುವ ಲಕ್ಷಣವಿಲ್ಲ. ಪುರುಸೊತ್ತಿಗೇನೂ ಕೊರತೆಯಿಲ್ಲ.

ಗುಂಪಿನಲ್ಲಿ ಬೆಂಗಳೂರು, ಮೈಸೂರು, ಧಾರವಾಡದ ಕಡೆಯವರೇ ಹೆಚ್ಚಿರುವುದರಿಂದ ಮೊದಲು ನಮ್ಮ ಊರಿನ ಮಾತು. 1956ರ ನವೆಂಬರ್ 1ರಂದು ಕಾಸರಗೋಡನ್ನು ದಕ್ಷಿಣ ಕನ್ನಡ ಜಿಲ್ಲೆಯಿಂದ ಬಿಡಿಸಿ ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಬರಬೇಕೆಂದು ಗಡಿ ವಿವಾದಕ್ಕೆಂದು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದು ಕಡತದಲ್ಲೇ ಉಳಿಯಿತು.

ಇಷ್ಟು ಚರಿತ್ರೆಯನ್ನು ಮನೆಯಲ್ಲಿ ಕೇಳಿ ಬೆಳೆದಿದ್ದೆ. ಮೈಗೆ ತಾಗಿದ್ದು ಮಾತ್ರ ಮೊಬೈಲು ಬಂದ ಮೇಲೆ. ನಮ್ಮ ಸಿಮ್ ಕೇರಳ ವಲಯದ್ದು. ಆಸ್ಪತ್ರೆಗಾಗಲಿ, ಮದುವೆಯ ಜವುಳಿಗಾಗಲಿ ನಾವು ಹೋಗುವುದು ಮಂಗಳೂರಿಗೆ. ಗಡಿಯ ತಲಪಾಡಿ ದಾಟಿದ ಕೂಡಲೇ ಕಿಸೆಯಲ್ಲಿ ಕುಂಯ್ ಎಂದು ಸದ್ದಾಗುತ್ತಿತ್ತು: ಕರ್ನಾಟಕಕ್ಕೆ ಸ್ವಾಗತ, ಇನ್ನು ಬರುವ ಕರೆಗೂ ದುಡ್ಡು. ಅಪ್ಪ ಮಂಜೇಶ್ವರ ಬಂದಾಗಲೇ ಮೊಬೈಲನ್ನು ಆರಿಸಿ, ಅಡಿಕೆ ಎಲೆಯ ಸಂಚಿಯೊಳಗೆ ತುರುಕಿಬಿಡುತ್ತಿದ್ದರು. ಗ್ರಾಹಕ ಸೇವೆಗೆ ಕರೆ ಮಾಡಿದರೆ ಮಲಯಾಳಕ್ಕೊಂದು ಗುಂಡಿ, ಇಂಗ್ಲಿಷಿಗೊಂದು, ಹಿಂದಿಗೊಂದು. ನಮಗೆ ಒತ್ತಲು ಗುಂಡಿಯೇ ಇರಲಿಲ್ಲ. ಅದಕ್ಕೂ ಮೊದಲು ನಮ್ಮ ಮನೆಗಳಲ್ಲಿ ಬೆಳಗಾಗುತ್ತಿದ್ದುದು ಆಕಾಶವಾಣಿ ಮಂಗಳೂರಿನಿಂದ. ನಿನ್ನ ಊರು ಯಾವುದು, ಯಾವ ರಾಜ್ಯ ಎಂದು ರೇಡಿಯೊ ಯಾವತ್ತೂ ಕೇಳಿದ್ದಿಲ್ಲ. ಮೊಬೈಲು ಮೊದಲು ಕೇಳುವುದೇ ಅದನ್ನು. ಕೇಳದಿದ್ದರೂ ತಾನೇ ಊಹಿಸಿಕೊಳ್ಳುತ್ತದೆ.

ನನ್ನ ಅಣ್ಣನ ಮಗ ಇಲ್ಲೇ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಾನೆ. ಮನೆಯಲ್ಲಿ ಹವ್ಯಕ ಕನ್ನಡ, ಆಚೆ ಮನೆಯವರೊಡನೆ ತುಳು. ಆದರೆ ಅವನ ಮೊಬೈಲಿಗೆ ಅವನು ಕೇರಳದ ಒಬ್ಬ ಹುಡುಗ, ಅಷ್ಟೇ. ತೆರೆದ ಕೂಡಲೇ ಮಲಯಾಳದ ಸಿನಿಮಾ ತುಣುಕು, ಮಲಯಾಳದ ಹಾಸ್ಯ, ಕೊಚ್ಚಿಯ ಯಾವನೋ ಬೈಕು ಓಡಿಸುವ ವಿಡಿಯೊ. ಕಣ್ಣು ಎಲ್ಲಿ ನಾಲ್ಕು ಕ್ಷಣ ಹೆಚ್ಚು ನಿಂತಿತೋ ಅದನ್ನೇ ಮರುದಿನ ಮತ್ತೆ ಬಡಿಸುವುದು ಈ ಯಂತ್ರಗಳ ಕ್ರಮ. ಹಾಗಾಗಿ ಒಮ್ಮೆ ಮಲಯಾಳದಲ್ಲಿ ನಿಂತವನಿಗೆ ವಾರದೊಳಗೆ ಬಟ್ಟಲು ತುಂಬ ಅದೇ. ರಾತ್ರಿ ಗೇಮ್ ಆಡುವಾಗ ತಂಡಕ್ಕೆ ಆಜ್ಞೆ ಕೊಡುವುದು ಮಲಯಾಳದಲ್ಲಿ, ಸೋತರೆ ಬೈಯುವುದು ತುಳುವಿನಲ್ಲಿ, ಅಜ್ಜಿ ಬಂದು ಎದುರು ನಿಂತರೆ ಸಮಜಾಯಿಷಿ ಹವ್ಯಕದಲ್ಲಿ. ನಾನು ಮೊದಲು ಗಾಬರಿಯಾಗಿದ್ದೆ. ಆಮೇಲೆ ನೆನಪಾಯಿತು, ನನ್ನ ಅಪ್ಪನೂ ಬದಿಯಡ್ಕದ ಸಂತೆಯಲ್ಲಿ ಮಾಡುತ್ತಿದ್ದುದು ಇದನ್ನೇ. ಸಪ್ತಭಾಷೆಯ ಊರು ಎಂದು ಭಾಷಣದಲ್ಲಿ ಹೊಗಳಿಕೊಳ್ಳುವ ನಾವು ಮನೆಯ ಹುಡುಗ ಮೂರು ಭಾಷೆಯಲ್ಲಿ ಗೇಮ್ ಆಡಿದರೆ ಹೆದರುತ್ತೇವೆ.

ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ. ಕಾಸರಗೋಡು ಕೈತಪ್ಪಿದ ಕಥೆಯನ್ನು ಅವನು ಅರ್ಧ ನಿಮಿಷದ ಒಂದು ವಿಡಿಯೊದಲ್ಲಿ ಕಲಿತಿದ್ದಾನೆ. ಹಿನ್ನೆಲೆಯಲ್ಲಿ ನಗಾರಿ, ನಕಾಶೆಯ ಮೇಲೆ ರಕ್ತದ ಬಣ್ಣ. ಆಯೋಗದ ಹೆಸರು ಗೊತ್ತಿಲ್ಲ, ಚಂದ್ರಗಿರಿ ಹೊಳೆ ಯಾಕೆ ಗೆರೆಯಾಯಿತೆಂದು ಗೊತ್ತಿಲ್ಲ. ಈ ಮಣ್ಣಿಗಾಗಿ ಜೀವಮಾನವಿಡೀ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳ ಮನೆ ನಮ್ಮ ಜಗಲಿಯಿಂದ ಕೆಲವೇ ಮೈಲು. ಅವರು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡಾಗ ಇವನು ನಾಲ್ಕೈದು ವರ್ಷದ ಮಗು. ಸಿಟ್ಟು ಮಾತ್ರ ಪೂರ್ತಿ ಬಂದಿದೆ. ಆ ವಿಡಿಯೊ ಹಂಚಿದ ಹತ್ತು ನಿಮಿಷಕ್ಕೆ ಅದೇ ಕೈಯಿಂದ ಮಲಯಾಳಿ ಗೆಳೆಯನಿಗೆ ಹುಟ್ಟುಹಬ್ಬದ ಶುಭಾಶಯವೂ ಹೋಗಿದೆ. ಸದ್ಯಕ್ಕೆ ಹುಡುಗ ವಿಡಿಯೊಗಿಂತ ಒಳ್ಳೆಯವನಾಗಿದ್ದಾನೆ.

ಇನ್ನು ನನ್ನ ಮಗಳು, ಹದಿಮೂರು ವರ್ಷ, ಹುಟ್ಟಿ ಬೆಳೆದದ್ದು ಶಾರ್ಜಾದಲ್ಲಿ. ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರಬ್ಬಿ. ಮೂರು ಕಟ್ಟಡ ದಾಟಿದರೆ ಹೊರಗಿನ ಮಕ್ಕಳಿಗೆ ಮಲಯಾಳ ಕಲಿಸಲು ಕೇರಳ ಸರ್ಕಾರ ಮಾಡಿದ ಮಲಯಾಳ ಮಿಷನ್ನಿನ ತರಗತಿ ನಡೆಯುತ್ತದೆ. ನಮ್ಮನ್ನೂ ಕೇರಳದವರೆಂದು ಪ್ರೀತಿಯಿಂದಲೇ ಕರೆದಿದ್ದರು. ಕನ್ನಡದ ತರಗತಿಗೆ ದುಬೈಗೆ ಹೋಗಬೇಕು, ರಜೆಯ ದಿನದ ವಾಹನ ದಟ್ಟಣೆಯಲ್ಲಿ ಅದೊಂದು ತೀರ್ಥಯಾತ್ರೆ. ಅಕ್ಷರ ಕಲಿಸಲು ಏನು ಮಾಡುವುದೆಂದು ಒದ್ದಾಡುತ್ತಿರುವಾಗ ಕೊರೊನಾ ಬಂತು. 2020ರ ಜೂನ್ 1ರಿಂದ ಕೇರಳದ ಶಾಲೆಗಳಿಗಾಗಿ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠಗಳು ಶುರುವಾದವು. ಬೆನ್ನಿಗೇ ಕನ್ನಡ ಮಾಧ್ಯಮದ ಮಕ್ಕಳಿಗೆಂದು ಮಾಡಿದ ಪಾಠಗಳೂ ಯೂಟ್ಯೂಬಿಗೆ ಬಂದವು. ಕಾಸರಗೋಡಿನ ಕನ್ನಡ ಶಾಲೆಯ ಟೀಚರುಗಳು ನಮ್ಮ ರಾಗದಲ್ಲೇ ಅಕ್ಷರ ತಿದ್ದಿಸುತ್ತಿದ್ದರು. ಏಳು ವರ್ಷದ ಮಗಳು ಶಾರ್ಜಾದ ಹನ್ನೊಂದನೆಯ ಮಹಡಿಯಲ್ಲಿ ಕುಳಿತು ಸ್ಲೇಟು ಹಿಡಿದು ಆ ಟೀಚರಿಗೆ 'ಹೌದು ಟೀಚರ್' ಎಂದು ಉತ್ತರ ಕೊಡುತ್ತಿದ್ದಳು. ಕನ್ನಡ ಕಲಿಸಿದ್ದು ಕೇರಳದ ಸರ್ಕಾರಿ ಪಾಠ ಎಂದರೆ ನಮ್ಮ ಊರಿನ ಕೆಲವು ಕಟ್ಟಾಳುಗಳಿಗೆ ರುಚಿಸುವುದಿಲ್ಲ. ರುಚಿಸದಿರಲಿ, ನನಗೆ ಆ ಋಣ ಇದೆ.

ಅಕ್ಷರ ಬಂದ ಮೇಲೆ ಅಜ್ಜಿಗೆ ಸಂದೇಶ ಬರೆಯುವ ಹುಚ್ಚು ಹತ್ತಿತು. ಒಮ್ಮೆ ಊರಿಗೆ ಹೊರಡುವ ಹಿಂದಿನ ರಾತ್ರಿ 'ಆನು ನಾಳೆ ಬತ್ತೆ' ಎಂದು ಬರೆದಳು. ನಾನು ನಾಳೆ ಬರುತ್ತೇನೆ ಎಂದು ಅರ್ಥ, ಹವ್ಯಕರಲ್ಲದವರಿಗಾಗಿ ಹೇಳುತ್ತಿದ್ದೇನೆ. ಮೊಬೈಲಿನ ಕೀಲಿಮಣೆಗೆ 'ಆನು' ಎಂಬ ಪದ ಗೊತ್ತಿಲ್ಲ. ಅದು ಉಪಕಾರ ಮಾಡಿ ತಿದ್ದಿ ಕಳಿಸಿತು: 'ಆನೆ ನಾಳೆ ಬತ್ತೆ'. ಅಮ್ಮ ಕನ್ನಡಕ ಹಾಕಿ ಎರಡು ಸಲ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಮಧೂರು ದೇವಸ್ಥಾನದ ಉತ್ಸವಕ್ಕೆ ಹೇಳಿಕಳಿಸಬೇಕೇ ಎಂದು ಧ್ವನಿ ಸಂದೇಶ ಕಳಿಸಿದರು. ಇವತ್ತಿಗೂ ನಮ್ಮ ಮನೆಯಲ್ಲಿ ಮಗಳ ಅಡ್ಡಹೆಸರು ಆನೆ.

ನಗೆ ಮುಗಿದ ಮೇಲೆ ಅವಳು ಕೇಳಿದ್ದು ನನ್ನ ಬಾಯಿ ಕಟ್ಟಿಸಿತು. ಮೊಬೈಲು ತಪ್ಪೆಂದು ತಿದ್ದಿದರೆ ನಾವು ಮಾತಾಡುವುದು ತಪ್ಪು ಕನ್ನಡವೇ? ಭಾಷೆಗೆ ಯಂತ್ರದಲ್ಲಿ ಜಾಗ ಸಿಗುವುದನ್ನು ಈಗಿನ ಮಕ್ಕಳು ಮಾನ್ಯತೆ ಎಂದೇ ಓದುತ್ತಾರೆ. 2024ರ ಜೂನಿನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿದಾಗ, ಸೆಪ್ಟೆಂಬರಿನಲ್ಲಿ ಕಂಪ್ಯೂಟರು, ಮೊಬೈಲುಗಳು ಬಳಸುವ ಅಕ್ಷರಪಟ್ಟಿಯಾದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಾಗ, ಆಚೆ ಮನೆಯ ಹುಡುಗರೆಲ್ಲ ಅದನ್ನೇ ಸ್ಟೇಟಸ್ ಹಾಕಿದ್ದರು. ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ತುಳು ಸೇರಿಲ್ಲವೆಂಬ ನೋವು ಅವರ ಅಪ್ಪಂದಿರದ್ದು. ಕೀಲಿಮಣೆಗೆ ಸೇರಿತೇ ಎಂಬುದು ಮಕ್ಕಳದ್ದು. ಹವ್ಯಕದಂಥ ಒಳನುಡಿಗೆ ಎರಡೂ ಇಲ್ಲ.

ಧ್ವನಿ ಸಂದೇಶ ನಮ್ಮನ್ನು ಕಾಪಾಡಿದ್ದು ಅಲ್ಲೇ. ಅದಕ್ಕೆ ಕಾಗುಣಿತ ಬೇಡ, ತಿದ್ದುವವರಿಲ್ಲ. ಎಮಿರೇಟ್ಸಿನಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲವೆಂದು ನಿಮ್ಮಲ್ಲಿ ಕೊಲ್ಲಿಯವರಿಗೆ ಗೊತ್ತು. ಕರೆಗೆಂದು ಬೋಟಿಮ್ ಎಂಬ ಬೇರೆ ಆ್ಯಪ್ ಹಾಕಿಸಿದರೆ ಅಮ್ಮನಿಗೆ ಅದರ ಗುಂಡಿ ಅರ್ಥವಾಗುವುದಿಲ್ಲ. ಧ್ವನಿ ಸಂದೇಶಕ್ಕೆ ಮಾತ್ರ ಅಡ್ಡಿಯಿಲ್ಲ. ಅಮ್ಮ ಒತ್ತಿ ಹಿಡಿದು ಮಾತಾಡುತ್ತಾರೆ, ನಡುವೆ ಕಾಗೆ ಕೂಗುತ್ತದೆ, ಕರು ಕರೆಯುತ್ತದೆ. ಮಗಳ ಹವ್ಯಕ ಬೆಳೆದದ್ದು ಪೂರ್ತಿ ಅದರಿಂದ. ಬರೆಯುವಾಗ ಪುಸ್ತಕದ ಕನ್ನಡ, ಮಾತಿಗೆ ಅಜ್ಜಿಯ ಕನ್ನಡ ಎಂದು ಅವಳೇ ವಿಂಗಡಿಸಿಕೊಂಡಿದ್ದಾಳೆ.

ಹೊರಗಿನ ಕನ್ನಡಿಗರು ಅವಳಿಗೆ ಅಷ್ಟು ಸುಲಭವಾಗಿ ದಕ್ಕಲಿಲ್ಲ. ಯಾವುದೋ ಕನ್ನಡ ವಿಡಿಯೊದ ಕೆಳಗೆ ನನ್ನ ಖಾತೆಯಿಂದ 'ನಮ್ಮ ಊರು ಕಾಸರಗೋಡು' ಎಂದು ಬರೆದಳು. ಹಾಗಾದರೆ ನೀನು ಮಲಯಾಳಿ, ಇಲ್ಲೇನು ಕೆಲಸ ಎಂದು ಒಬ್ಬ ಕೇಳಿದ. ಇನ್ನೊಬ್ಬ ಅವಳ ಕನ್ನಡವನ್ನು ಸಿನಿಮಾದ ಅಡುಗೆಭಟ್ಟರ ಕನ್ನಡವೆಂದು ಹಾಸ್ಯ ಮಾಡಿದ. ಎರಡು ದಿನ ಮಾತಿಲ್ಲ. ಮಲಯಾಳಿ ಸಹಪಾಠಿಗಳು ಒಮ್ಮೆಯೂ ಹಾಗೆ ಹೇಳಿದ್ದಿಲ್ಲ ಎಂಬುದೇ ಅವಳಿಗೆ ಹೆಚ್ಚು ಚುಚ್ಚಿದ್ದು. ನಮ್ಮ ಕಡೆಯ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಆ ಸಹಪಾಠಿಗಳೇ ಮಲಯಾಳದ ವಿಡಿಯೊ ನೋಡಿ ಬಂದು, ಇದು ನಿಮ್ಮ ಊರಿನದ್ದಲ್ಲವೇ ಎಂದು ಅವಳನ್ನು ಸುತ್ತುಗಟ್ಟಿದ್ದರು. ಅಜ್ಜಿಯ ಮನೆಯಿಂದ ಜೀಪಿನಲ್ಲಿ ಹೋಗಿ ಆ ಮೊಸಳೆಯನ್ನು ನೋಡಿದ ಏಕೈಕ ಹುಡುಗಿ ಎಂಬ ಗೌರವ ತರಗತಿಯಲ್ಲಿ ಒಂದು ವಾರ ನಡೆಯಿತು. ನವೆಂಬರ್ 1ರಂದು ಅವಳ ಮೊಬೈಲಿಗೆ ನಮ್ಮ ಗುಂಪಿನಿಂದ ರಾಜ್ಯೋತ್ಸವದ ಬಾವುಟ, ತರಗತಿಯಿಂದ ಕೇರಳ ಪಿರವಿಯ, ಅಂದರೆ ಕೇರಳ ಹುಟ್ಟಿದ ದಿನದ, ದೀಪ, ಎರಡೂ ಒಂದೇ ಬೆಳಿಗ್ಗೆ ಬರುತ್ತವೆ. ಕಳೆದ ವರ್ಷ ಎರಡಕ್ಕೂ ಒಂದೇ ನಗುಮುಖ ಒತ್ತಿ ಶಾಲೆಗೆ ಹೋದಳು.

ಈಗ ಆಟದ ವಿಷಯ. ನಮ್ಮಲ್ಲಿ ಆಟವೆಂದರೆ ಯಕ್ಷಗಾನ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಸಭೆಯ ಹಿಂದಿನಿಂದ ದೊಂದಿ ಬೆಳಕಿನಲ್ಲಿ ಬರುವ ತುಣುಕನ್ನು ಮಗಳು ಮೊಬೈಲಿನಲ್ಲಿ ನೂರು ಸಲ ನೋಡಿದ್ದಳು. ಎರಡು ವರ್ಷದ ಹಿಂದೆ ಚಳಿಗಾಲದ ರಜೆಯಲ್ಲಿ ಬಯಲಾಟಕ್ಕೇ ಕರೆದುಕೊಂಡು ಹೋದೆ. ಮೊದಲ ಒಂದು ಗಂಟೆ, ಮಹಿಷಾಸುರ ಯಾವಾಗ ಎಂದು ಹದಿನೈದು ಸಲ ಕೇಳಿದಳು. ಆಮೇಲೆ ಚರುಮುರಿ ತಿಂದಳು, ಚಾಪೆಯ ಮೇಲೆ ದಾಯಾದಿ ಮಕ್ಕಳ ನಡುವೆ ನಿದ್ದೆ ಹೋದಳು. ಮಹಿಷಾಸುರ ಬಂದಾಗ ಎಬ್ಬಿಸಿದೆ. ರಾಳದ ಹೊಗೆಗೆ ಕಣ್ಣುರಿ ಎಂದು ಅತ್ತಳು. ದುಡ್ಡು ದಂಡ ಎಂದುಕೊಂಡೆ. ಆದರೆ ಅಣ್ಣನ ಮಗ ಆ ಹೊತ್ತಿನಲ್ಲಿ ತೆಗೆದ ಒಂದು ವಿಡಿಯೊ ಇದೆ, ಅಲುಗಾಡುವ ಕತ್ತಲೆ ವಿಡಿಯೊ. ಶಾರ್ಜಾಕ್ಕೆ ಮರಳಿದ ಮೇಲೆ ಅವಳು ನೋಡುವುದು ಅದನ್ನು ಮಾತ್ರ. ಮಹಿಷಾಸುರನನ್ನಲ್ಲ, ಎಡಬದಿಯ ಮೂಲೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ನಿಂತ ಹುಡುಗಿಯನ್ನು ನಿಲ್ಲಿಸಿ, ದೊಡ್ಡದು ಮಾಡಿ, 'ಇದು ಆನು' ಎಂದು ಗೆಳತಿಯರಿಗೆ ತೋರಿಸುತ್ತಾಳೆ.

ಹಾಗಾಗಿ ಹಿರಿಯರೇ, ಮೊಬೈಲು ಕಿತ್ತುಕೊಂಡರೆ ನಮ್ಮ ಮನೆಯಲ್ಲಿ ಮೊದಲು ಹೋಗುವುದು ಕೊಚ್ಚಿಯ ಬೈಕಲ್ಲ, ನೀರ್ಚಾಲಿನ ಕಾಗೆ. ಹೊತ್ತು ನಿಗದಿ ಮಾಡಿ, ಮಲಗುವ ಕೋಣೆಗೆ ಬಿಡಬೇಡಿ, ಅದೆಲ್ಲ ಸರಿ, ನಾನೂ ಮಾಡುತ್ತೇನೆ. ಆದರೆ ಊರಿನಿಂದ ಅವರಿಗೆ ಏನಾದರೂ ಬರುತ್ತಿರಬೇಕಲ್ಲ. ಅದನ್ನು ಯಂತ್ರ ತಾನಾಗಿ ಹುಡುಕಿ ಕೊಡುವುದಿಲ್ಲ, ನಾವೇ ಕಳಿಸಬೇಕು. ಶುಭೋದಯದ ಗುಲಾಬಿ ಹೂವುಗಳನ್ನು ದಿನಾ ಕಳಿಸುವವರು ಒಂದು ದಿನ ಅಡುಗೆಮನೆಯ ಸದ್ದು ಕಳಿಸಿ ನೋಡಿ.

ಕಡೆಗೆ ಒಂದು ಕೋರಿಕೆ, ಇಷ್ಟು ಬರೆಯಲು ಅದೂ ಒಂದು ಕಾರಣ. ಅಪ್ಪ ಮೂರು ವರ್ಷ ಮೊಮ್ಮಗಳಿಗೆ ರಾತ್ರಿ ಕಥೆ ಹೇಳಿದ್ದು ಧ್ವನಿ ಸಂದೇಶದಲ್ಲೇ. ಅವರು ಹೋಗಿ ಒಂದೂವರೆ ವರ್ಷವಾಯಿತು. ಆ ಕಥೆಗಳಿರುವುದು ನನ್ನ ಹಳೆಯ ಮೊಬೈಲಿನಲ್ಲಿ; ಹೊಸದಕ್ಕೆ ಬದಲಾಯಿಸುವಾಗ ಪ್ರತಿ ತೆಗೆದಿಡಲಿಲ್ಲ, ಬುದ್ಧಿ ಬರಲಿಲ್ಲ. ಹಳೆಯದರ ಪರದೆ ಒಡೆದಿದೆ, ಚಾರ್ಜಿಗೆ ಹಾಕಿದರೆ ಕಂಪನಿಯ ಗುರುತು ಮೂಡಿ ಅಲ್ಲೇ ನಿಲ್ಲುತ್ತದೆ. ಒಳಗೆ ತಾರೀಕುವಾರು ಕಡತಗಳಲ್ಲಿ ಅವೆಲ್ಲ ಇರುತ್ತವೆಯಂತೆ. ಮಂಗಳೂರಿನಲ್ಲಿ ಒಬ್ಬರು, ತೆರೆದರೆ ಎಲ್ಲ ಅಳಿಸಿಹೋಗಬಹುದು ಎಂದರು; ಕೊಡದೆ ವಾಪಸು ತಂದೆ. ಗುಂಪಿನಲ್ಲಿ ಈ ಕೆಲಸ ಬಲ್ಲವರಿದ್ದರೆ ತಿಳಿಸಿ. ಇನ್ನು ಹನ್ನೆರಡು ದಿನ ಊರಿನಲ್ಲಿರುತ್ತೇನೆ. ಆನೆಯೂ ಜೊತೆಗಿದ್ದಾಳೆ.