ಧ್ಯಾನಕ್ಕೆ ಕೂತ್ರೆ ಯೋಚನೆ ಇನ್ನೂ ಜಾಸ್ತಿ ಆಗ್ತದೆ, 'ನೋಡುದು' ಅಂದ್ರೆ ಹೇಗೆ?

ಬದಿಯಡ್ಕದ ತೋಟದವ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದು 20 ನಿಮಿಷ ಕೂತ್ಕೊಳ್ತಾ ಇದ್ದೇನೆ, ಫೋನಲ್ಲಿ ಒಂದು ಆಪ್ ಹಾಕಿಕೊಂಡು. ಅದರಲ್ಲಿ "ಯೋಚನೆಗಳನ್ನು ಸುಮ್ಮನೆ ಗಮನಿಸಿ" ಅಂತ ಹೇಳ್ತಾರೆ, ನನಗೆ ಅದೇ ಅರ್ಥ ಆಗದ್ದು. ಕಣ್ಣು ಮುಚ್ಚಿದ ಕೂಡಲೇ ಆಸ್ತಿ ಪಾಲಿನ ವಿಷಯದಲ್ಲಿ ಅಣ್ಣ ಹೇಳಿದ ಮಾತು ಬರ್ತದೆ, ಅದಕ್ಕೆ ನಾನು ಉತ್ತರ ಕೊಡ್ತೇನೆ, ಅವ ಇನ್ನೊಂದು ಹೇಳ್ತಾನೆ, ಹಾಗೇ ಹೋಗಿ ಹೋಗಿ ಗಂಟೆ ಹೊಡೆಯುವಾಗ ನೋಡಿದ್ರೆ 20 ನಿಮಿಷವೂ ಜಗಳ. ಮೊದಲು ಇಷ್ಟು ಇರ್ಲಿಲ್ಲ ಅನ್ನಿಸ್ತದೆ. ಯೋಚಿಸುವವನೂ ನಾನೇ ಆದ್ರೆ ನೋಡುವವ ಯಾರು?

ಕುಂಬಳೆಯವಳು:
ಅಣ್ಣಾ, ಜಾಸ್ತಿ ಆದದ್ದಲ್ಲ, ಮೊದಲೂ ಇತ್ತು, ಈಗ ಕಾಣ್ಲಿಕ್ಕೆ ಶುರುವಾದ್ದು. ನಾನು ವಿಪಶ್ಯನ ಹೇಳುವ ಧ್ಯಾನ ಕಲಿಸಿದ ಗೋಯೆಂಕಾ ಗುರುಗಳ ಕ್ರಮದ 10 ದಿನದ ಶಿಬಿರಕ್ಕೆ ಹೋಗಿದ್ದೆ, ಅಲ್ಲಿ ಮೊದಲ ಮೂರು ದಿನ ಬೇರೆ ಎಂತದೂ ಇಲ್ಲ, ಮೂಗಿನ ಹತ್ತಿರ ಉಸಿರು ಬರುದು ಹೋಗುದು ನೋಡುದು ಅಷ್ಟೇ, ಆನಾಪಾನ ಹೇಳ್ತಾರೆ. ದಿನಕ್ಕೆ 10 ಗಂಟೆ ಹತ್ತಿರ ಕೂರುದು, ಮಾತಿಲ್ಲ. ಎರಡನೇ ದಿನ ನನಗೆ ಅಳುವೇ ಬಂತು, ಮೂರು ಉಸಿರು ಸಹ ಸರಿಯಾಗಿ ನೋಡ್ಲಿಕ್ಕೆ ಆಗುದಿಲ್ಲ ಅಂತ. ಅಲ್ಲಿ ಕಲಿಸುವವರು ಕೇಳಿದ್ರು, ಮನಸ್ಸು ಓಡಿದ್ದು ನಿಮಗೆ ಗೊತ್ತಾಯ್ತಲ್ಲ? ಆ ಗೊತ್ತಾದದ್ದೇ ನೋಡುದು. ನಿಮ್ಮನ್ನು ನೀವು ಬಯ್ಕೊಳ್ಳದೆ ವಾಪಸ್ ಉಸಿರಿಗೆ ಬನ್ನಿ, ಸಾವಿರ ಸಲ ಆದ್ರೂ.

ಕಾಸರಗೋಡಿನ ಟೀಚರ್:
ಇದಕ್ಕೆ ನಮ್ಮ ಭಾಷೆಯೇ ಸಹಾಯ ಮಾಡ್ತದೆ. ನಾವು "ನನಗೆ ಸಿಟ್ಟು ಬಂತು" ಹೇಳುದಲ್ವಾ? ತುಳುವಿನಲ್ಲೂ ಮಲಯಾಳದಲ್ಲೂ ಸಿಟ್ಟು ಬರುದೇ. ನೆನಪು ಬರ್ತದೆ, ಬೇಸರ ಆಗ್ತದೆ, ಎಲ್ಲದಕ್ಕೂ "ನನಗೆ". ಜಗಲಿಗೆ ಬಂದು ಕೂತವರ ಹಾಗೆ. ಅಣ್ಣನ ಮಾತಿಗೆ ಉತ್ತರ ಕೊಡ್ಲಿಕ್ಕೆ ಹೊರಟ್ರೆ ಬಂದವರ ಹಿಂದೆಯೇ ನೀವೂ ಎದ್ದು ಹೋದ ಹಾಗೆ. ಬದಲಿಗೆ "ಅಣ್ಣನ ನೆನಪು ಬಂತು", "ಎದೆ ಬಿಗಿ ಆಯ್ತು" ಅಂತ ಮನಸ್ಸಲ್ಲೇ ಹೇಳಿ, ಅಷ್ಟೇ. ನೋಡುವವ ಯಾರು ಅನ್ನುದು ಹಳೇ ಪ್ರಶ್ನೆ, ಮುಂಡಕೋಪನಿಷತ್ತಿನಲ್ಲಿ ಒಂದೇ ಮರದಲ್ಲಿ ಎರಡು ಹಕ್ಕಿ ಬರ್ತದೆ, ಒಂದು ಹಣ್ಣು ತಿಂತದೆ, ಇನ್ನೊಂದು ತಿನ್ನದೆ ನೋಡ್ತದೆ. ಆದ್ರೆ ಕೂತಾಗ ಆ ಪ್ರಶ್ನೆ ಬಂದ್ರೆ ಅದೂ ಒಂದು ಯೋಚನೆಯೇ.

ಹೊಸದುರ್ಗದಿಂದ:
ನಾನು ನರ್ಸ್, ಒಂದು ಮಾತು ಸೇರಿಸ್ತೇನೆ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೆಡಿಕಲ್ ಕಾಲೇಜಲ್ಲಿ ಈ ಗಮನಿಸುದನ್ನು ಮೈಂಡ್‌ಫುಲ್‌ನೆಸ್ ಹೆಸರಲ್ಲಿ ಶುರು ಮಾಡಿದ್ದು ತುಂಬ ಕಾಲದ ನೋವು ಇರುವ ರೋಗಿಗಳಿಗೆ, ಎಂಟು ವಾರದ ಕೋರ್ಸ್, ಕಲಿಸುವವರು ಎದುರಿಗೇ ಇರ್ತಾರೆ. ಆಪ್‌ನಲ್ಲಿ ಅದಿಲ್ಲ. ಕೂತಾಗ ಎದೆ ಹೊಡ್ಕೊಂಡು ಹೆದರಿಕೆ ಆದ್ರೆ ಕಣ್ಣು ಬಿಡಿ, ಪಾದ ನೆಲಕ್ಕೆ ಊರಿ, 5 ನಿಮಿಷಕ್ಕೆ ಇಳಿಸಿ. ನಿದ್ದೆ ಕೆಡ್ತಾ ಬಂದ್ರೆ ಡಾಕ್ಟರಿಗೆ ತೋರಿಸಿ, ನಾಚಿಕೆ ಬೇಡ. ನನ್ನ ಅಮ್ಮನಿಗೆ ಈ ನೋಡುದು ಆಗುದೇ ಇಲ್ಲ, ಅವರು ಇಲ್ಲಿ ಕಾಞಂಗಾಡಿನ ಆನಂದಾಶ್ರಮಕ್ಕೆ ಹೋಗಿ ರಾಮನಾಮ ಹೇಳ್ತಾರೆ, ಸ್ವಾಮಿ ರಾಮದಾಸರು 1931ರಲ್ಲಿ ಶುರು ಮಾಡಿದ್ದು. ಅದು ಬೇರೆ ದಾರಿ, ಮನಸ್ಸಿಗೆ ಹಿಡ್ಕೊಳ್ಳಿಕ್ಕೆ ಒಂದು ಹೆಸರು ಕೊಡುದು.

ಬದಿಯಡ್ಕದ ತೋಟದವ:
ಎಲ್ಲರಿಗೂ ಉಪಕಾರ. ನಿನ್ನೆ ಸಂಜೆ ಅಡಿಕೆ ಸುಲಿಯುವಾಗ ಟೀಚರ್ ಹೇಳಿದ ಹಾಗೆ ಮಾಡಿದೆ. "ನೆನಪು ಬಂತು" ಅಂದ ಕೂಡಲೇ ಜಗಳ ನಿಂತಿತು, ಎರಡು ಉಸಿರು ಅಷ್ಟೇ, ಮತ್ತೆ ಬಂತು. ಆದ್ರೆ ಈ ಸಲ ಬಂದದ್ದು ಸಿಟ್ಟಲ್ಲ, ಸಣ್ಣವರಿರುವಾಗ ನಾವಿಬ್ಬರೂ ನೀರಿಗೆ ಗುಡ್ಡ ಕೊರೆದು ಮಾಡಿದ ಸುರಂಗದ ಬಾಯಲ್ಲಿ ಕೊಡಪಾನ ಇಟ್ಟು ನೀರು ತುಂಬುವವರೆಗೆ ಕೂರ್ತಿದ್ದದ್ದು. ಇದನ್ನೂ ಬಿಡಬೇಕಾ? ಬಿಡ್ಲಿಕ್ಕೆ ಮನಸ್ಸಾಗುದಿಲ್ಲ.

ಕಾಸರಗೋಡಿನ ಟೀಚರ್:
ಕೂತಿರುವಷ್ಟು ಹೊತ್ತು ಅದನ್ನೂ "ಬಂತು" ಅಂತಲೇ ಹೇಳಿ. ಎದ್ದ ಮೇಲೆ ಬೇಕಾದಷ್ಟು ನೆನಪು ಮಾಡ್ಕೊಳ್ಳಿ.