ಮಧುಚಂದ್ರಕ್ಕೆ ಸೇಶೆಲ್ಸ್: ಹೋಟೆಲು, ಬಾಡಿಗೆ ಕಾರು ಮತ್ತು ಗಾಳಿಯ ದಿಕ್ಕು

ಪ್ರಶ್ನೆ

ನಮಸ್ಕಾರ ಮೇಡಂ. ಜೂನ್ ಕೊನೆಯಲ್ಲಿ ನಮ್ಮ ಮದುವೆ. ಜುಲೈ ಎರಡನೆಯ ವಾರದಲ್ಲಿ ಹತ್ತು ರಾತ್ರಿಗಳ ಮಧುಚಂದ್ರಕ್ಕೆ ಹೋಗಬೇಕೆಂದಿದ್ದೇವೆ. ಮೊದಲ ಐದು ರಾತ್ರಿ ಸೇಶೆಲ್ಸ್, ಉಳಿದ ಐದು ರಾತ್ರಿ ಮಾರಿಷಸ್ ಎಂಬುದು ಸದ್ಯದ ಲೆಕ್ಕಾಚಾರ. ಸೇಶೆಲ್ಸ್‌ನಲ್ಲಿ ಮಾಹೆ, ಪ್ರಾಲಿನ್, ಲಾ ಡೀಗ್ ಮೂರೂ ದ್ವೀಪಗಳಲ್ಲಿ ತಂಗುವ ಆಸೆಯಿದೆ. ಮಾಹೆಯ ವಿಮಾನ ನಿಲ್ದಾಣದಲ್ಲಿಯೇ ಒಂದು ಕಾರನ್ನು ಬಾಡಿಗೆಗೆ ಪಡೆದು, ಅದನ್ನೇ ದೋಣಿಯಲ್ಲಿ ಸಾಗಿಸಿಕೊಂಡು ಮೂರೂ ಕಡೆ ಓಡಾಡಬಹುದೇ? ಪ್ರಾಲಿನ್‌ನ ಗ್ರಾಂಡ್ ಆನ್ಸ್ ಕಡಲತೀರದ ಒಂದು ಹೋಟೆಲಿನ ಚಿತ್ರಗಳು ಇಬ್ಬರಿಗೂ ತುಂಬ ಹಿಡಿಸಿವೆ. ಹಣ ಹಿಂತಿರುಗದ ದರದಲ್ಲಿ ಅದು ಸಾಕಷ್ಟು ಅಗ್ಗವಾಗಿಯೂ ದೊರೆಯುತ್ತಿದೆ. ಕಾಯ್ದಿರಿಸಬಹುದೇ, ದಯವಿಟ್ಟು ತಿಳಿಸಿ.

ಉತ್ತರ (ಪ್ರವಾಸ ಯೋಜಕಿ)

ನಮಸ್ಕಾರ. ನಿಮ್ಮಿಬ್ಬರಿಗೂ ಶುಭಾಶಯಗಳು. ಆ ಹೋಟೆಲನ್ನು ಈಗಲೇ ಕಾಯ್ದಿರಿಸಬೇಡಿ. ಹೋಟೆಲಿನಲ್ಲಿ ಕೊರತೆ ಇದೆಯೆಂದು ಹೇಳುತ್ತಿಲ್ಲ, ನೀವು ಹೋಗುವ ತಿಂಗಳಿಗೆ ಆ ತೀರ ಹೊಂದುವುದಿಲ್ಲ.

ಸೇಶೆಲ್ಸ್ ಸಮಭಾಜಕ ವೃತ್ತಕ್ಕೆ ಬಹಳ ಹತ್ತಿರದಲ್ಲಿರುವುದರಿಂದ ಅಲ್ಲಿ ಬಿಸಿಲು, ಸೆಕೆಗಳಲ್ಲಿ ವರ್ಷವಿಡೀ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಬದಲಾಗುವುದು ಗಾಳಿ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ವಾಣಿಜ್ಯ ಮಾರುತಗಳು ಬಿಡುವಿಲ್ಲದೆ ಬೀಸುತ್ತವೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿ ವಾಯವ್ಯದಿಂದ ಬರುತ್ತದೆ. ಇವೆರಡರ ನಡುವಿನ ಏಪ್ರಿಲ್ ಮತ್ತು ಅಕ್ಟೋಬರ್‌ನ ಆಸುಪಾಸಿನಲ್ಲಿ ಕಡಲು ಅತ್ಯಂತ ಶಾಂತವಾಗಿರುತ್ತದೆ. ಜುಲೈನಲ್ಲಿ ಮಳೆ ಕಡಿಮೆ, ಹವೆಯೂ ಹಿತಕರ. ಆದರೆ ಗಾಳಿಗೆ ಮುಖಮಾಡಿದ ತೀರಗಳಲ್ಲಿ ಅಲೆಗಳು ಜೋರಾಗಿರುತ್ತವೆ ಮತ್ತು ದಡಕ್ಕೆ ಕಡಲಪಾಚಿ ರಾಶಿರಾಶಿಯಾಗಿ ಬಂದು ಬೀಳುತ್ತದೆ. ಪ್ರಾಲಿನ್‌ನ ದಕ್ಷಿಣ ಬದಿಯಲ್ಲಿರುವ ಗ್ರಾಂಡ್ ಆನ್ಸ್ ಅಂಥ ತೀರಗಳಲ್ಲೊಂದು. ನೀವು ಮೆಚ್ಚಿದ ಚಿತ್ರಗಳಲ್ಲಿ ನೀರು ಕನ್ನಡಿಯಂತಿದ್ದರೆ ಅವನ್ನು ಬೇರೆ ಋತುವಿನಲ್ಲಿ ತೆಗೆದಿರುವ ಸಂಭವವೇ ಹೆಚ್ಚು. ಅದೇ ದ್ವೀಪದ ಉತ್ತರ ಬದಿಯ ಕೋಟ್ ದೋರ್ ಅಥವಾ ಆನ್ಸ್ ಲಾಜಿಯೊ ಸಮೀಪ ತಂಗಿದರೆ ನಡುವಿನ ಬೆಟ್ಟವೇ ಗಾಳಿಯನ್ನು ತಡೆಯುತ್ತದೆ. ಮಾಹೆಯಲ್ಲಿಯೂ ಇದೇ ಕಾರಣಕ್ಕೆ ಜುಲೈಗೆ ವಾಯವ್ಯದ ಬೋ ವಲ್ಲೋನ್ ಒಳ್ಳೆಯದು. ಆದ್ದರಿಂದ ಮೊದಲು ತಿಂಗಳು, ಆಮೇಲೆ ಗಾಳಿಯ ದಿಕ್ಕು, ಅದರ ಮೇಲೆ ತೀರ, ಆ ತೀರದ ಮೇಲೆ ಹೋಟೆಲು ಎಂಬ ಕ್ರಮದಲ್ಲಿ ಆಯ್ಕೆ ಮಾಡಿಕೊಳ್ಳಿ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಮಾರಿಷಸ್ಸನ್ನು ಈ ಬಾರಿ ಕೈಬಿಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹತ್ತು ರಾತ್ರಿಗಳಲ್ಲಿ ಎರಡು ದೇಶ, ನಾಲ್ಕು ದ್ವೀಪ ಎಂದರೆ ಪ್ರತಿ ಎರಡನೆಯ ಅಥವಾ ಮೂರನೆಯ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದೇ ಕೆಲಸವಾಗುತ್ತದೆ. ಮದುವೆಯ ಓಡಾಟದಿಂದ ದಣಿದು ಬಂದ ಇಬ್ಬರಿಗೆ ಅದು ಬೇಡವೇ ಬೇಡ. ಅಲ್ಲದೆ ಜುಲೈ ಮಾರಿಷಸ್‌ನಲ್ಲಿ ಚಳಿಗಾಲ. ಹಗಲು ಹಿತವಾಗಿದ್ದರೂ ಸಂಜೆ ತಂಪೇರುತ್ತದೆ, ಪೂರ್ವ ಕರಾವಳಿಯಲ್ಲಿ ಗಾಳಿ ಹೆಚ್ಚು. ಮುಂದೆಂದಾದರೂ ಅದೇ ಋತುವಿನಲ್ಲಿ ಅಲ್ಲಿಗೆ ಹೋಗುವುದಾದರೆ ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್ ಅಥವಾ ವಾಯವ್ಯದ ಟ್ರೂ ಓ ಬಿಷ್ ಕಡೆ ನೋಡಿ.

ಹತ್ತೂ ರಾತ್ರಿಗಳನ್ನು ಸೇಶೆಲ್ಸ್‌ಗೇ ಇಟ್ಟುಕೊಂಡರೆ ಪ್ರಾಲಿನ್‌ನಲ್ಲಿ ನಾಲ್ಕು, ಲಾ ಡೀಗ್‌ನಲ್ಲಿ ಮೂರು, ಕೊನೆಗೆ ಮಾಹೆಯಲ್ಲಿ ಮೂರು ರಾತ್ರಿ ಎಂದು ಹಂಚಬಹುದು. ನಿಮ್ಮ ವಿಮಾನ ಬೆಳಿಗ್ಗೆ ಇಳಿಯುವಂತಿದ್ದರೆ ಮಾಹೆಯಲ್ಲಿ ನಿಲ್ಲದೆ ಅಂದೇ ಪ್ರಾಲಿನ್‌ಗೆ ಹೋಗಿಬಿಡಿ. ಮಾಹೆಯನ್ನು ಕೊನೆಗೆ ಇಡುವುದಕ್ಕೆ ಕಾರಣವಿದೆ: ಜುಲೈನ ಒರಟು ಕಡಲಿನಿಂದ ದೋಣಿಯೊಂದು ತಡವಾದರೂ ನಿಮ್ಮ ಅಂತರರಾಷ್ಟ್ರೀಯ ವಿಮಾನ ತಪ್ಪಬಾರದು. ಮಾಹೆಯಿಂದ ಪ್ರಾಲಿನ್‌ಗೆ ದೊಡ್ಡ ದೋಣಿಯಲ್ಲಿ ಸುಮಾರು ಒಂದು ಗಂಟೆ, ಚಿಕ್ಕ ವಿಮಾನದಲ್ಲಿ ಕಾಲು ಗಂಟೆ ಹಿಡಿಯುತ್ತದೆ. ಪ್ರಾಲಿನ್‌ನಿಂದ ಲಾ ಡೀಗ್‌ಗೆ ದೋಣಿಯಲ್ಲಿ ಕಾಲು ಗಂಟೆ ಸಾಕು. ಕಡಲು ಹೊಟ್ಟೆ ತೊಳಸುವ ಸ್ವಭಾವದವರು ಹೋಗುವಾಗಲಾದರೂ ವಿಮಾನವನ್ನೇ ಆರಿಸಿಕೊಳ್ಳುವುದು ಮೇಲು. ಆದರೆ ಅದರಲ್ಲಿ ಸಾಮಾನಿನ ತೂಕದ ಮಿತಿ ಬಿಗಿಯಾಗಿರುತ್ತದೆ.

ಇನ್ನು ಕಾರಿನ ವಿಷಯ. ಮಾಹೆ ಮತ್ತು ಪ್ರಾಲಿನ್ ನಡುವಿನ ಆ ದೋಣಿ ಪ್ರಯಾಣಿಕರದ್ದು. ಬಾಡಿಗೆ ಕಾರನ್ನು ಅದರಲ್ಲಿ ಸಾಗಿಸಲಾಗದು. ಪ್ರಾಲಿನ್‌ನಲ್ಲಿ ಒಂದು, ಮಾಹೆಯಲ್ಲಿ ಒಂದು ಎಂದು ಬೇರೆ ಬೇರೆಯಾಗಿ ಬಾಡಿಗೆಗೆ ಪಡೆಯಬೇಕು. ಲಾ ಡೀಗ್‌ನಲ್ಲಿ ಪ್ರವಾಸಿಗಳಿಗೆ ಕಾರು ದೊರೆಯುವುದೇ ಇಲ್ಲ, ಅಲ್ಲಿ ಎಲ್ಲರೂ ಸೈಕಲ್ ತುಳಿಯುತ್ತಾರೆ. ಪ್ರಾಲಿನ್‌ನಲ್ಲಿಯೂ ನಾಲ್ಕು ದಿನವೂ ಕಾರು ಬೇಕಾಗುವುದಿಲ್ಲ. ಎರಡು ದಿನ ಇಟ್ಟುಕೊಂಡು, ಒಂದು ದಿನ ಆನ್ಸ್ ಲಾಜಿಯೊಗೆ, ಇನ್ನೊಂದು ದಿನ ವ್ಯಾಲಿ ದ ಮೇ ಕಾಡಿಗೆ ಹೋಗಿ ಬನ್ನಿ. 1983ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕಾಡಿನಲ್ಲಿ, ಜಗತ್ತಿನ ಸಸ್ಯಗಳಲ್ಲೇ ಅತ್ಯಂತ ದೊಡ್ಡ ಬೀಜವನ್ನು ಬಿಡುವ ಕೋಕೋ ದ ಮೇರ್ ತಾಳೆಮರಗಳು ತಾವಾಗಿಯೇ ಬೆಳೆದು ನಿಂತಿವೆ. ಆ ಬೀಜವನ್ನು ಕೊಂಡು ತರುವ ಮನಸ್ಸಾದರೆ ಅಧಿಕೃತ ಪರವಾನಗಿ ಪತ್ರವಿಲ್ಲದೆ ಮುಟ್ಟಬೇಡಿ, ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಳ್ಳುತ್ತಾರೆ.

ಪ್ರಶ್ನೆ (ಅದೇ ಸದಸ್ಯರಿಂದ)

ತುಂಬ ಧನ್ಯವಾದಗಳು ಮೇಡಂ. ಮಾರಿಷಸ್ ಕೈಬಿಟ್ಟೆವು. ಎರಡು ವಿಷಯಗಳಲ್ಲಿ ಇನ್ನೂ ಸಂದೇಹವಿದೆ. ಕಾರಿನ ದಿನದ ಬಾಡಿಗೆಯಲ್ಲಿ ಒಂದು ಸಂಸ್ಥೆಗೂ ಇನ್ನೊಂದಕ್ಕೂ ಇಷ್ಟೊಂದು ವ್ಯತ್ಯಾಸ ಏಕಿರುತ್ತದೆ? ಹಾಗೆಯೇ, ಹೋಟೆಲುಗಳು ಹೇಳುವ ‘ಕಡಲ ನೋಟದ ಕೋಣೆ’ ಎಂಬುದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ

ಬಾಡಿಗೆಯ ವ್ಯತ್ಯಾಸ ಬಹುಮಟ್ಟಿಗೆ ವಿಮೆಯಲ್ಲಿ ಅಡಗಿರುತ್ತದೆ. ಅಗ್ಗದ ದರದಲ್ಲಿ ಸಾಮಾನ್ಯವಾಗಿ ಮೂಲ ವಿಮೆ ಮಾತ್ರ ಸೇರಿದ್ದು, ಅಪಘಾತವಾದರೆ ಇಂತಿಷ್ಟು ಮೊತ್ತದವರೆಗೆ ನಷ್ಟವನ್ನು ನೀವೇ ಭರಿಸಬೇಕೆಂಬ ಷರತ್ತಿರುತ್ತದೆ. ಆ ಮೊತ್ತವನ್ನು ಕಾರು ಪಡೆಯುವಾಗಲೇ ಠೇವಣಿಯ ರೂಪದಲ್ಲಿ ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಕಾರ್ಡು ಚಾಲಕರ ಹೆಸರಿನಲ್ಲಿಯೇ ಇರಬೇಕೆಂದು ಕೇಳುವ ಸಂಸ್ಥೆಗಳು ಬಹಳ, ಡೆಬಿಟ್ ಕಾರ್ಡನ್ನು ಒಪ್ಪದವರೂ ಇದ್ದಾರೆ. ಮಧುಚಂದ್ರದ ಇತರ ಖರ್ಚಿಗೂ ಅದೇ ಕಾರ್ಡನ್ನು ನೆಚ್ಚಿಕೊಂಡಿದ್ದರೆ ಮಿತಿ ಎಷ್ಟು ಉಳಿಯುತ್ತದೆಂದು ಮೊದಲೇ ನೋಡಿಕೊಳ್ಳಿ. ಹೆಚ್ಚುವರಿ ಹಣ ಕೊಟ್ಟು ನಿಮ್ಮ ಹೊಣೆಯ ಮೊತ್ತವನ್ನು ಇಳಿಸಿಕೊಳ್ಳಬಹುದು. ಆದರೆ ಹಾಗೆ ಇಳಿಸಿಕೊಂಡ ಮೇಲೂ ಟೈರು, ಗಾಜು, ಕಾರಿನ ಅಡಿಭಾಗ ಇವುಗಳಿಗೆ ಆಗುವ ಹಾನಿಯನ್ನು ವಿಮೆಯಿಂದ ಹೊರಗಿಡುವುದು ವಾಡಿಕೆ. ಮಾಹೆಯ ಕಿರಿದಾದ ರಸ್ತೆಗಳ ಅಂಚಿನಲ್ಲಿ ಹಲವೆಡೆ ತಡೆಗೋಡೆಯಿರುವುದಿಲ್ಲ, ಪಕ್ಕದಲ್ಲೇ ಆಳವಾದ ತೆರೆದ ಚರಂಡಿಯಿರುತ್ತದೆ. ಎದುರಿನಿಂದ ಬಸ್ಸು ಬಂದಾಗ ಪೆಟ್ಟಾಗುವುದು ಇದೇ ಭಾಗಗಳಿಗೆ. ಆದ್ದರಿಂದ ದರವನ್ನು ಕೇಳುವ ಮೊದಲು ವಿಮೆಯಲ್ಲಿ ಏನೇನು ಸೇರಿಲ್ಲವೆಂದು ಬರಹದಲ್ಲಿ ಕೇಳಿ ಪಡೆಯಿರಿ.

ಅಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಮಾಹೆಯಲ್ಲಿರುವ ರಾಜಧಾನಿ ವಿಕ್ಟೋರಿಯಾದಿಂದ ಬೆಟ್ಟ ದಾಟಿ ಪಶ್ಚಿಮಕ್ಕೆ ಇಳಿಯುವ ಸಾನ್ ಸೂಸಿ ರಸ್ತೆಯಂತಹ ಕಡಿದಾದ ತಿರುವುಗಳಿಗೆ ಆಟೋಮ್ಯಾಟಿಕ್ ಗೇರಿನ ಚಿಕ್ಕ ಕಾರು ಅನುಕೂಲ. ಅಂಥ ಕಾರುಗಳು ಬೇಗ ಖಾಲಿಯಾಗುವುದರಿಂದ ಹೋಟೆಲಿನ ಜೊತೆಯಲ್ಲಿಯೇ ಅದನ್ನೂ ಕಾಯ್ದಿರಿಸಿ. ದೊಡ್ಡ ಕಾರಿನ ಆಸೆ ಬೇಡ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಸಮಭಾಜಕ ವೃತ್ತದ ಬಳಿ ವರ್ಷವಿಡೀ ಸಂಜೆ ಆರೂವರೆಯ ಆಸುಪಾಸಿನಲ್ಲಿ ಸೂರ್ಯ ಮುಳುಗಿ, ಸಂಧ್ಯೆಯ ಬೆಳಕು ಬಹಳ ಹೊತ್ತು ನಿಲ್ಲದೆ ಕತ್ತಲಾಗಿಬಿಡುತ್ತದೆ. ಸೂರ್ಯಾಸ್ತ ನೋಡಿಕೊಂಡು ಬೆಟ್ಟದ ದಾರಿಯಲ್ಲಿ ಮರಳುವ ಯೋಜನೆ ಇಟ್ಟುಕೊಳ್ಳದೆ, ಹೋಟೆಲಿನ ಸಮೀಪದ ತೀರದಲ್ಲಿಯೇ ಅದನ್ನು ನೋಡಿ. ಕಾರನ್ನು ಪಡೆಯುವಾಗ ಸುತ್ತಲೂ ವಿಡಿಯೊ ಮಾಡಿಕೊಳ್ಳುವುದನ್ನು ಮರೆಯಬೇಡಿ. ಇಂಧನದ ಮಟ್ಟವೂ ಅದರಲ್ಲಿ ಕಾಣುವಂತಿರಲಿ.

ಕೋಣೆಯ ವಿಷಯಕ್ಕೆ ಬಂದರೆ, ‘ಕಡಲ ನೋಟ’ ಎಂದರೆ ಕಿಟಕಿಯಿಂದ ಎಲ್ಲಿಯೋ ಒಂದು ಕಡೆ ನೀರು ಕಾಣುತ್ತದೆ ಎಂದಷ್ಟೇ ಅರ್ಥ ಇರಬಹುದು. ಕಡಲಿಗೆ ಮುಖಮಾಡಿದ ಕೋಣೆ ಬೇರೆ, ತೀರಕ್ಕೆ ನೇರವಾಗಿ ಇಳಿಯಬಹುದಾದ ಕೋಣೆ ಇನ್ನೂ ಬೇರೆ. ನಾನು ಹೋಟೆಲಿಗೆ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸುತ್ತೇನೆ: ಕೋಣೆ ಯಾವ ದಿಕ್ಕಿಗಿದೆ, ಕೋಣೆಯಿಂದ ಮರಳಿಗೆ ಎಷ್ಟು ಮೆಟ್ಟಿಲು, ಮತ್ತು ಆ ವಾರ ಹೋಟೆಲಿನಲ್ಲಾಗಲಿ ಪಕ್ಕದಲ್ಲಾಗಲಿ ಕಟ್ಟಡದ ಕೆಲಸ ನಡೆಯಲಿದೆಯೇ. ಅತಿಥಿಗಳ ಅಭಿಪ್ರಾಯಗಳನ್ನು ಓದುವಾಗ ಅಂಕಗಳನ್ನು ಬದಿಗಿಟ್ಟು, ಹಿಂದಿನ ವರ್ಷಗಳ ಜೂನ್‌ನಿಂದ ಆಗಸ್ಟ್‌ವರೆಗಿನ ಬರಹಗಳನ್ನು ಮಾತ್ರ ಆರಿಸಿ ಓದಿ. ನವೆಂಬರ್‌ನಲ್ಲಿ ಹೋದವರು ಬರೆದ ಹೊಗಳಿಕೆಯಿಂದ ನಿಮಗೆ ಉಪಯೋಗವಿಲ್ಲ. ಉಪಾಹಾರದ ಜೊತೆಗೆ ರಾತ್ರಿಯೂಟವೂ ಸೇರಿರುವ ದರವನ್ನು, ಸುತ್ತಮುತ್ತ ಬೇರೆ ಊಟದ ವ್ಯವಸ್ಥೆಯಿಲ್ಲದ ಒಂಟಿ ಹೋಟೆಲುಗಳಲ್ಲಿ ಪಡೆಯಿರಿ. ಬೋ ವಲ್ಲೋನ್‌ನಂತಹ ಕಡೆ ಅದು ಬೇಕಿಲ್ಲ.

ಲಾ ಡೀಗ್ ಬಗ್ಗೆ ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಸೇರಿಸುತ್ತೇನೆ. ಆ ದ್ವೀಪದ ಆಗ್ನೇಯ ಬದಿಯಲ್ಲಿರುವ ಗ್ರಾಂಡ್ ಆನ್ಸ್ (ಪ್ರಾಲಿನ್‌ನಲ್ಲಿ ಇರುವುದೂ ಇದೇ ಹೆಸರಿನದು, ಗೊಂದಲ ಬೇಡ) ಮತ್ತು ಪೆತಿತ್ ಆನ್ಸ್ ತೀರಗಳಲ್ಲಿ ಜುಲೈ ತಿಂಗಳ ಸೆಳೆತ ಅಪಾಯಕಾರಿ. ನೋಡಲು ಹೋಗಿ, ನೀರಿಗೆ ಇಳಿಯಬೇಡಿ. ಈಜಲು ಉತ್ತರದ ಆನ್ಸ್ ಸೆವೇರ್ ಇದೆ. ಬೃಹತ್ ಗ್ರಾನೈಟ್ ಬಂಡೆಗಳಿಂದ ಪ್ರಸಿದ್ಧವಾದ ಆನ್ಸ್ ಸೂರ್ಸ್ ದಾರ್ಜಾನ್ ತೀರವನ್ನು ಹವಳದ ದಿಬ್ಬ ಕಾಯುತ್ತದೆ. ಅಲ್ಲಿಗೆ ಪ್ರವೇಶ ಶುಲ್ಕವಿದೆ. ಭರತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಡೆಯಲು ಮರಳೇ ಉಳಿಯುವುದಿಲ್ಲವಾದ್ದರಿಂದ ಇಳಿತದ ವೇಳೆಯನ್ನು ಹೋಟೆಲಿನವರಿಂದ ತಿಳಿದುಕೊಂಡು ಹೊರಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ

ಮೇಡಂ, ನಮ್ಮ ಮಧುಚಂದ್ರ ಜನವರಿಯಲ್ಲಿ, ಏಳು ರಾತ್ರಿ. ನಮ್ಮಿಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ. ನನ್ನ ಮಡದಿಗೆ ದೋಣಿಯ ಪ್ರಯಾಣವೆಂದರೆ ಭಯ. ನಾವೂ ಸೇಶೆಲ್ಸ್‌ಗೆ ಹೋಗಬಹುದೇ?

ಉತ್ತರ

ಹೋಗಬಹುದು, ಆದರೆ ನಾನು ಕಳುಹಿಸುವುದಿಲ್ಲ. ಜನವರಿಯಲ್ಲಿ ಸೇಶೆಲ್ಸ್‌ನಲ್ಲಿ ಮಳೆ ವರ್ಷದಲ್ಲೇ ಅತಿ ಹೆಚ್ಚು, ಗಾಳಿಯೂ ವಾಯವ್ಯದ್ದು. ಮೇಲೆ ಜುಲೈಗೆ ಒಳ್ಳೆಯದೆಂದು ನಾನು ಹೇಳಿದ ಬೋ ವಲ್ಲೋನ್ ಮತ್ತು ಆನ್ಸ್ ಲಾಜಿಯೊಗಳೇ ಆಗ ಅಲೆಗಳಿಗೆ ಎದುರಾಗಿರುತ್ತವೆ. ಮಾರಿಷಸ್‌ನಲ್ಲಿ ಚಾಲಕರ ಸಹಿತ ಕಾರು ಸುಲಭವಾಗಿ ದೊರೆಯುತ್ತದೆಯಾದರೂ ಜನವರಿ ಅಲ್ಲಿ ಚಂಡಮಾರುತಗಳ ಕಾಲ. ನಿಮ್ಮ ತಿಂಗಳಿಗೆ, ನಿಮ್ಮ ಅಗತ್ಯಕ್ಕೆ ಹೊಂದುವುದು ಮಾಲ್ಡೀವ್ಸ್. ಅಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಒಣ ಹವೆ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿಯಿರುವುದರಿಂದ ಕಾರಿನ ಪ್ರಶ್ನೆಯೇ ಏಳುವುದಿಲ್ಲ.

ಅಲ್ಲಿನ ತೊಡಕು ವಿಮಾನ ನಿಲ್ದಾಣದಿಂದ ರೆಸಾರ್ಟಿಗೆ ತಲುಪುವುದರಲ್ಲಿದೆ. ಹತ್ತಿರದ ದ್ವೀಪಗಳಿಗೆ ವೇಗದ ದೋಣಿ, ದೂರದವುಗಳಿಗೆ ನೀರಿನ ಮೇಲೆ ಇಳಿಯುವ ಸೀಪ್ಲೇನ್. ನಿಮ್ಮ ಮಡದಿಯವರ ದೃಷ್ಟಿಯಿಂದ ಸೀಪ್ಲೇನ್ ಇರುವ ರೆಸಾರ್ಟನ್ನೇ ಆರಿಸಿ. ಆದರೆ ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ಮಾಲೆಯಲ್ಲಿ ಅಥವಾ ಪಕ್ಕದ ಹುಲ್ಹುಮಾಲೆಯಲ್ಲಿ ಕಳೆಯಬೇಕಾಗುತ್ತದೆ, ಆಗಲೂ ರೆಸಾರ್ಟಿನ ಆ ರಾತ್ರಿಯ ಬಾಡಿಗೆ ಉಳಿಯುವುದಿಲ್ಲ. ಆದ್ದರಿಂದ ಬೆಳಿಗ್ಗೆ ಇಳಿಯುವ ವಿಮಾನಕ್ಕೆ ಸ್ವಲ್ಪ ಹೆಚ್ಚು ಹಣ ತೆತ್ತರೂ ಲಾಭವೇ. ಕೋಣೆಯ ದರ ನೋಡುವಾಗ ಸೀಪ್ಲೇನ್ ಶುಲ್ಕ, ಸೇವಾ ಶುಲ್ಕ, ತೆರಿಗೆಗಳು ಸೇರಿವೆಯೇ ಎಂದು ವಿಚಾರಿಸಿ. ರೆಸಾರ್ಟುಗಳಲ್ಲಿ ತಲಾ ಒಂದು ರಾತ್ರಿಗೆ ವಿಧಿಸುವ ಹಸಿರು ತೆರಿಗೆಯೇ 2025ರ ಜನವರಿಯಿಂದ 12 ಡಾಲರ್ ಆಗಿದೆ.

ಪ್ರಶ್ನೆ (ಮೊದಲ ಸದಸ್ಯರಿಂದ)

ಕೊನೆಯದೊಂದು. ನವದಂಪತಿಗಳಿಗೆ ವಿಶೇಷ ರಿಯಾಯಿತಿ ಎಂದು ಹಲವು ಹೋಟೆಲುಗಳು ಹೇಳುತ್ತವೆ. ಅದಕ್ಕೆ ಏನಾದರೂ ದಾಖಲೆ ಬೇಕೇ?

ಉತ್ತರ

ಬಹಳಷ್ಟು ಹೋಟೆಲುಗಳು ವಿವಾಹ ಪ್ರಮಾಣಪತ್ರವನ್ನು ಕೇಳುತ್ತವೆ. ಮದುವೆಯಾಗಿ ಇಷ್ಟು ತಿಂಗಳೊಳಗೆ ಬಂದಿರಬೇಕು, ಕನಿಷ್ಠ ಇಷ್ಟು ರಾತ್ರಿ ತಂಗಬೇಕು ಎಂಬ ಷರತ್ತುಗಳೂ ಇರುತ್ತವೆ. ಜೂನ್ ಕೊನೆಯಲ್ಲಿ ಮದುವೆಯಾಗಿ ಜುಲೈ ಎರಡನೆಯ ವಾರ ಹೊರಡುವವರಿಗೆ ಪ್ರಮಾಣಪತ್ರ ಆ ವೇಳೆಗೆ ಕೈಸೇರದಿರಬಹುದು. ಬದಲಿಗೆ ಆಮಂತ್ರಣ ಪತ್ರಿಕೆಯನ್ನು ಒಪ್ಪುವಿರಾ ಎಂದು ಈಗಲೇ ಬರೆದು ಕೇಳಿ, ಅವರ ಉತ್ತರವನ್ನು ಮುದ್ರಿಸಿಟ್ಟುಕೊಳ್ಳಿ. ರಿಯಾಯಿತಿಯೆಂದರೆ ಕೆಲವು ಕಡೆ ಹೂವಿನ ಅಲಂಕಾರ, ಒಂದು ಹಣ್ಣಿನ ಬುಟ್ಟಿಗಷ್ಟೇ ಸೀಮಿತವಾಗಿರುತ್ತದೆ. ಅಂಥದ್ದಕ್ಕಾಗಿ ಹೋಟೆಲನ್ನು ಬದಲಿಸಬೇಡಿ. ಮಂಚ ಜೋಡಿಯದೋ ಬಿಡಿಬಿಡಿಯಾದುದೋ ಎಂಬುದನ್ನು ಕಾಯ್ದಿರಿಸುವಾಗಲೇ ನಮೂದಿಸಿ.

ಇದಕ್ಕಿಂತ ಮುಖ್ಯವಾದುದು ಹೆಸರು. ಮದುವೆಯ ನಂತರ ವಧುವಿನ ಹೆಸರು ಬದಲಾಗುವುದಿದ್ದರೂ ವಿಮಾನದ ಟಿಕೆಟ್, ಹೋಟೆಲಿನ ಕಾಯ್ದಿರಿಸುವಿಕೆ ಮತ್ತು ಸೇಶೆಲ್ಸ್‌ಗೆ ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಪಡೆಯಬೇಕಾದ ಪ್ರಯಾಣ ಅನುಮತಿ ಮೂರೂ ಈಗಿನ ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲಿಯೇ ಇರಲಿ. ಆ ಅನುಮತಿಗೆ ಮರಳುವ ಟಿಕೆಟನ್ನೂ ತಂಗುವ ಸ್ಥಳದ ದೃಢೀಕರಣವನ್ನೂ ಸಲ್ಲಿಸಬೇಕು. ಹಾಗಾಗಿ ಈಗ ರದ್ದುಮಾಡಿದರೆ ಹಣ ಹಿಂತಿರುಗುವ ದರದಲ್ಲಿ ಮೂರೂ ದ್ವೀಪಗಳ ಕೋಣೆಗಳನ್ನು ಹಿಡಿದಿಟ್ಟುಕೊಳ್ಳಿ. ಹೆಸರು ಬದಲಾವಣೆಯ ಅರ್ಜಿಯನ್ನು ಮರಳಿ ಬಂದ ಮೇಲೆ ಕೊಡಿ.